ಕಾರಿನ ಗುಣ ಘಾಟಿಯಲ್ಲಿ ನೋಡು

ಮಡಕೆ ಕೊಳ್ಳುವಾಗ ಬೆರಳು ಮಡಚಿ ತಟ್ಟಿ ನೋಡುವುದು ನಮ್ಮ ಹಿರಿಯರ ಪದ್ಧತಿ. ಹಲಸಿನಕಾಯಿ ಬಲಿತಿದೆಯೋ ಇಲ್ಲವೋ ಎಂಬುದಕ್ಕೂ ಅದೇ ಪರೀಕ್ಷೆ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಕಾರನ್ನೂ ಹಾಗೆಯೇ ತಟ್ಟಿ ನೋಡುತ್ತಾರೆ. ಯಾರದಾದರೂ ಅಂಗಳಕ್ಕೆ ಹೊಸ ಕಾರು ಬಂತೆಂದರೆ ನೆಂಟರಿಷ್ಟರೆಲ್ಲ ಸುತ್ತ ನಿಲ್ಲುತ್ತಾರೆ. ಒಬ್ಬರು ಬಾನೆಟ್ ತಟ್ಟುತ್ತಾರೆ, ಇನ್ನೊಬ್ಬರು ಬಂಪರನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ, ಮತ್ತೊಬ್ಬರು ಬಾಗಿಲು ತೆಗೆದು ಹಾಕಿ ಸದ್ದು ಕೇಳುತ್ತಾರೆ. ಕೊನೆಗೆ ಜಗಲಿಯ ಮೇಲಿನ ಹಿರಿಯರೊಬ್ಬರು ತೀರ್ಪು ಕೊಡುತ್ತಾರೆ: “ಬರೀ ತಗಡು ಮಾರಾಯ! ಅಂಬಾಸಡರ್ ಇತ್ತು ನೋಡು, ಅದು ಗಾಡಿ!”

ಈ ತೀರ್ಪನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಬ್ಯಾಂಕಿನ ಗುಮಾಸ್ತನಾಗಿ ಈ ಮೂರೂ ತಾಲ್ಲೂಕುಗಳ ಶಾಖೆಗಳಲ್ಲಿ ವರ್ಗವಾಗುತ್ತಾ ಕೆಲಸ ಮಾಡಿದವನು ನಾನು. ವಾಹನ ಸಾಲದ ಕಡತಗಳು ಬಹಳ ವರ್ಷ ನನ್ನ ಮೇಜಿನ ಮೇಲೇ ಇದ್ದವು. ಆರ್.ಸಿ. ಪುಸ್ತಕದಲ್ಲಿ ಬ್ಯಾಂಕಿನ ಹೆಸರು ನಮೂದಾಗಿದೆಯೇ, ವಿಮೆ ಚಾಲ್ತಿಯಲ್ಲಿದೆಯೇ ಎಂದು ನೋಡುವುದು ಕೆಲಸ. ಕಂತು ಕಟ್ಟಲು ಬಂದವರು ಕೌಂಟರಿಗೆ ಮೊಣಕೈ ಊರಿ ಹೇಳುವ ಕಾರಿನ ಸುಖದುಃಖ ಕೇಳುವುದು ಉಪಕಸುಬು. 2012ರಲ್ಲಿ ನಿವೃತ್ತಿಯಾದಾಗ ಗ್ರಾಚ್ಯುಟಿಯ ಒಂದು ಭಾಗ ತೆಗೆದು ನಾನೂ ಒಂದು ಮಧ್ಯಮ ಗಾತ್ರದ ಸೆಡಾನ್ ಕೊಂಡೆ. ಅದರ ಹೆಸರು ಬೇಡ. ಹೊಗಳಿದರೆ ಜಾಹೀರಾತು ಎನ್ನುತ್ತೀರಿ, ತೆಗಳಿದರೆ ಕಂಪನಿಯವರು ಬಿಡುವುದಿಲ್ಲ.

ಸೆಡಾನ್ ಎಂದರೇನೆಂದು ಮಕ್ಕಳು ಕೇಳಬಹುದು. ಮೂರು ಡಬ್ಬಿ ಜೋಡಿಸಿದ ಹಾಗಿರುವ ಕಾರು ಅದು. ಮುಂದಿನ ಡಬ್ಬಿಯಲ್ಲಿ ಎಂಜಿನ್, ನಡುವಿನದರಲ್ಲಿ ಜನ, ಹಿಂದಿನದರಲ್ಲಿ ಸಾಮಾನು. ಹಿಂದಿನ ಡಬ್ಬಿಗೆ ನಾವು ಡಿಕ್ಕಿ ಎನ್ನುತ್ತೇವೆ. ನಾಲ್ಕು ಮೀಟರಿಗಿಂತ ಗಿಡ್ಡ ಕಾರುಗಳಿಗೆ ತೆರಿಗೆ ಕಡಿಮೆ ಎಂದು 2006ರಿಂದ ಸರ್ಕಾರ ನಿಯಮ ಮಾಡಿದ ಮೇಲೆ, ಬಾಲ ಕತ್ತರಿಸಿದ ನಾಯಿಮರಿಯ ಹಾಗೆ ಡಿಕ್ಕಿ ಮೊಟಕಾದ ಸೆಡಾನ್‌ಗಳೂ ಬಂದವು. ಅವನ್ನು ಬಿಟ್ಟು, ಸುಮಾರು ನಾಲ್ಕೂವರೆ ಮೀಟರ್ ಉದ್ದದ ಪೂರ್ತಿ ಸೆಡಾನ್ ಬಗ್ಗೆ ನಾನು ಹೇಳುತ್ತಿದ್ದೇನೆ.

ಹಳೆಯ ಗಾಡಿಯ ಗಟ್ಟಿತನ

ಅಂಬಾಸಡರ್ ಮೇಲಿನ ಪ್ರೀತಿ ಸುಮ್ಮನೆ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹಿಂದುಸ್ತಾನ್ ಮೋಟಾರ್ಸ್ ಕಂಪನಿಯವರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅದನ್ನು ತಯಾರಿಸುತ್ತಿದ್ದರು. 1950ರ ದಶಕದ ಕೊನೆಗೆ ಶುರುವಾದದ್ದು 2014ರವರೆಗೆ ಬಂತು. ಒಳಗಿನ ಎಂಜಿನ್ ಬದಲಾಯಿತು, ಮುಖದ ಜಾಲರಿ ಬದಲಾಯಿತು, ಗುಂಡು ಗುಂಡಾದ ಆ ಮೈಕಟ್ಟು ಮಾತ್ರ ಹಾಗೇ ಉಳಿಯಿತು. ಗೇರಿನ ಹಿಡಿ ಸ್ಟೀರಿಂಗಿನ ಪಕ್ಕದಲ್ಲೇ ಇದ್ದುದರಿಂದ ಮುಂದಿನ ಉದ್ದನೆಯ ಸೀಟಿನಲ್ಲಿ ಡ್ರೈವರನ್ನೂ ಸೇರಿಸಿ ಮೂರು ಜನ, ಒತ್ತಿದರೆ ನಾಲ್ಕು ಜನ ಕೂರುತ್ತಿದ್ದರು. ಸಾಗರದಿಂದ ಜೋಗಕ್ಕೆ ಹೋಗುವ ಮದುವೆ ದಿಬ್ಬಣದ ಅಂಬಾಸಡರಿನಲ್ಲಿ ಎಷ್ಟು ಜನ ಇದ್ದರೆಂದು ಇಳಿಯುವಾಗ ಎಣಿಸಿದರೇ ಗೊತ್ತಾಗುತ್ತಿತ್ತು. ಹಿಂದಿನ ಚಕ್ರಗಳಿಗೆ ಲಾರಿಯ ಹಾಗೆ ಪ್ಲೇಟು. ಅದು ತುಂಡಾದರೆ ದಾರಿ ಬದಿಯ ಗ್ಯಾರೇಜಿನಲ್ಲೇ ಸರಿ ಮಾಡಿಸಿಕೊಂಡು ಹೋಗಬಹುದಿತ್ತು.

ಆದರೆ ಗಟ್ಟಿ ಬೇರೆ, ಹಿಡಿತ ಬೇರೆ. ಅಂಬಾಸಡರ್ ಓಡಿಸಿ ಕೈ ಪಳಗಿದ ಡ್ರೈವರೊಬ್ಬರು ಸಾಗರದಲ್ಲಿದ್ದಾರೆ, ಈಗ ಎಂಬತ್ತು ದಾಟಿದೆ. ಅವರ ಮಾತು ಕೇಳಿ: “ಸಾರ್, ಅದರ ಸ್ಟೀರಿಂಗು ತಿರುಗಿಸೋದು ಅಂದ್ರೆ ಗಾಣ ತಿರುಗಿಸಿದ ಹಾಗೆ. ಹಳೇದಾದ ಮೇಲೆ ಕಾಲು ಸುತ್ತು ತಿರುಗಿಸಿದ್ರೂ ಚಕ್ರಕ್ಕೆ ಸುದ್ದಿಯೇ ಮುಟ್ತಿರಲಿಲ್ಲ. ಆಗುಂಬೆ ಇಳಿದು ಸೋಮೇಶ್ವರದಲ್ಲಿ ನಿಲ್ಲಿಸಿದ್ರೆ ಬ್ರೇಕಿನ ಸುಟ್ಟ ವಾಸನೆಗೆ ಪ್ಯಾಸೆಂಜರ್ ಮೂಗು ಮುಚ್ಕೊಳ್ಳೋರು.” ಇದನ್ನೂ ಅವರು ಅಂಬಾಸಡರಿನ ಮೇಲೆ ಪ್ರೀತಿಯಿಂದಲೇ ಹೇಳುವುದು, ಅದು ಬೇರೆ ಮಾತು.

ಬ್ರೇಕಿನ ಸುಟ್ಟ ವಾಸನೆ ಯಾಕೆ ಬರುತ್ತದೆ? ಅಂಗೈ ಅಂಗೈ ಜೋರಾಗಿ ಉಜ್ಜಿ ನೋಡಿ, ಬಿಸಿಯಾಗುತ್ತದೆ. ಬ್ರೇಕ್ ಮಾಡುವುದೂ ಅದೇ ಕೆಲಸ: ಕಾರಿನ ವೇಗವನ್ನು ಉಜ್ಜಿ ಉಜ್ಜಿ ಶಾಖವಾಗಿ ಬದಲಾಯಿಸುತ್ತದೆ. ಆ ಕಾಲದ ಬ್ರೇಕುಗಳು ಮುಚ್ಚಿದ ಡ್ರಮ್ಮಿನೊಳಗೆ ಇರುತ್ತಿದ್ದವು, ಶಾಖ ಹೊರಗೆ ಹೋಗಲು ದಾರಿ ಕಡಿಮೆ. ಉದ್ದದ ಇಳಿಜಾರಿನಲ್ಲಿ ಒತ್ತುತ್ತಲೇ ಇದ್ದರೆ ಕಾದು ಕಾದು ಕೊನೆಗೆ ಹಿಡಿತವೇ ಇಲ್ಲದಂತಾಗುತ್ತಿತ್ತು. ಈಗಿನ ಕಾರುಗಳ ಮುಂದಿನ ಚಕ್ರಗಳಿಗೆ ಗಾಳಿಗೆ ತೆರೆದ ಡಿಸ್ಕ್ ಬ್ರೇಕ್ ಇದೆ. 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಎ.ಬಿ.ಎಸ್. ಕಡ್ಡಾಯವಾಗಿದೆ, ಗಾಬರಿಯಿಂದ ಬ್ರೇಕ್ ತುಳಿದರೂ ಚಕ್ರ ಪೂರ್ತಿ ನಿಂತು ಜಾರದಂತೆ ಅದು ನೋಡಿಕೊಳ್ಳುತ್ತದೆ. ಜಾರದ ಚಕ್ರಕ್ಕೆ ತಿರುಗುವ ಶಕ್ತಿ ಉಳಿದಿರುತ್ತದೆ. ಹಾಗಾಗಿ ಬ್ರೇಕ್ ಒತ್ತಿಕೊಂಡೇ ಎದುರಿನ ದನವನ್ನು ತಪ್ಪಿಸಿ ಸ್ಟೀರಿಂಗ್ ತಿರುಗಿಸಬಹುದು.

ಹದಿನಾಲ್ಕು ತಿರುವಿನ ಪರೀಕ್ಷೆ

ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವ ದಾರಿಯಲ್ಲಿ ಆಗುಂಬೆ ಘಾಟಿ ಸಿಗುತ್ತದೆ. 14 ಹೇರ್‌ಪಿನ್ ತಿರುವು. ಅಮ್ಮ ತಲೆಗೆ ಸಿಕ್ಕಿಸುವ ಪಿನ್ನು ಹೇಗೆ ಬಾಗಿರುತ್ತದೋ ಹಾಗೇ ರಸ್ತೆ ಬಾಗಿರುತ್ತದೆ. ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಯೇ ಹಳ್ಳ, ಜೊತೆಗೆ ಮಂಜು. ಹೊಸನಗರದವರಿಗೆ ಇನ್ನೊಂದು ಪರೀಕ್ಷಾ ಕೇಂದ್ರವಿದೆ. ಮಾಸ್ತಿಕಟ್ಟೆಯಿಂದ ಹೊಸಂಗಡಿಗೆ ಇಳಿಯುವ ಹುಲಿಕಲ್ ಘಾಟಿ, ಅದನ್ನೇ ಬಾಳೆಬರೆ ಘಾಟಿ ಎಂದೂ ಕರೆಯುತ್ತಾರೆ. ಚಂಡಿಕಾಂಬೆಯ ಗುಡಿಯ ಮುಂದೆ ನಿಲ್ಲಿಸಿ ಕೈಮುಗಿದೇ ನಮ್ಮ ಡ್ರೈವರುಗಳು ಮುಂದೆ ಹೋಗುವುದು. ಸಾಗರದವರು ಹೊನ್ನಾವರಕ್ಕೆ ಹೋಗಬೇಕಾದರೆ ಗೇರುಸೊಪ್ಪೆ ಘಾಟಿ. ಅಂದರೆ ಈ ಮೂರು ತಾಲ್ಲೂಕಿನವರು ಪಶ್ಚಿಮಕ್ಕೆ ಮುಖ ಮಾಡಿದರೆ ಘಾಟಿ ಇಳಿಯದೆ ಸಮುದ್ರ ಕಾಣುವ ಹಾಗಿಲ್ಲ.

ಸಮುದ್ರ ನೋಡಲಿಕ್ಕೆ ಮಾತ್ರ ಇಳಿಯುತ್ತಾರೆಂದು ತಿಳಿಯಬೇಡಿ. ದೊಡ್ಡ ಕಾಯಿಲೆ ಬಂದರೆ ನಮ್ಮ ಕಡೆಯವರು ಹೊರಡುವುದು ಮಣಿಪಾಲಕ್ಕೆ. ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು, ನನ್ನ ಹಳೆಯ ಗ್ರಾಹಕರು, ಹೃದಯದ ಶಸ್ತ್ರಚಿಕಿತ್ಸೆಯಾದ ತಮ್ಮ ಪತ್ನಿಯನ್ನು ಮೊದಲ ವರ್ಷವೆಲ್ಲ ಪ್ರತಿ ತಿಂಗಳೂ ಮಣಿಪಾಲಕ್ಕೆ ಕರೆದೊಯ್ಯಬೇಕಿತ್ತು. ಮೊದಲ ಎರಡು ಸಲ ಎತ್ತರದ ಬಾಡಿಗೆ ವಾಹನ. ಒಂದೊಂದು ತಿರುವಿಗೂ ಆಕೆ ಆ ಬಾಗಿಲಿಂದ ಈ ಬಾಗಿಲಿಗೆ ತೂರಾಡಿದರಂತೆ. ಎದೆಯ ಹೊಲಿಗೆ ಇನ್ನೂ ಹಸಿ. “ಇನ್ನು ಡಾಕ್ಟರ್ ಬಂದರೂ ಸರಿ, ಬರದಿದ್ದರೂ ಸರಿ, ನಾನು ಆ ಗಾಡಿ ಹತ್ತುವುದಿಲ್ಲ” ಎಂದು ಕೂತರಂತೆ. ಮೂರನೇ ಸಲ ಅಳಿಯನ ಸೆಡಾನ್ ತರಿಸಿದರು. ಅದೇ ಘಾಟಿ, ಅದೇ ಹೊಂಡ. ಆಕೆ ಹೆಬ್ರಿ ಬರುವಷ್ಟರಲ್ಲಿ ನಿದ್ದೆ ಹೋಗಿದ್ದರು.

ಇದಕ್ಕೆ ಕಾರಣ ಕಂಪನಿಯ ಮಂತ್ರವೇನಲ್ಲ, ಭಾರ ಎಲ್ಲಿದೆ ಎನ್ನುವುದು. ನೀರು ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತು ಸರಕ್ಕನೆ ತಿರುಗಿ ನೋಡಿ, ಇಡೀ ಮೈ ಹೊರಕ್ಕೆ ವಾಲುತ್ತದೆ. ಅದೇ ನೀರನ್ನು ಬಕೆಟಿನಲ್ಲಿ ಕೈಯಲ್ಲಿ ಹಿಡಿದು ತಿರುಗಿದರೆ ಅಷ್ಟು ವಾಲುವುದಿಲ್ಲ. ಸೆಡಾನ್ ಕೈಯಲ್ಲಿ ಬಕೆಟ್ ಹಿಡಿದ ಗಾಡಿ. ಎಂಜಿನ್, ಸೀಟು, ಜನ ಎಲ್ಲವೂ ನೆಲಕ್ಕೆ ಹತ್ತಿರ. ಎತ್ತರದ ಗಾಡಿಗಳಲ್ಲಿಯೂ ಒಳ್ಳೆಯ ಷಾಕ್ ಅಬ್ಸಾರ್ಬರ್ ಹಾಕಿ ವಾಲುವುದನ್ನು ತಡೆದವಿದ್ದಾವೆ. ಆದರೆ ಹತ್ತು ಮಂದಿ ಕಾರಿನವರನ್ನು ಕೇಳಿ, ಘಾಟಿಯಲ್ಲಿ ಯಾವುದು ಸುಖ ಎಂಬುದಕ್ಕೆ ಉತ್ತರ ಹೆಚ್ಚುಕಡಿಮೆ ಒಂದೇ.

ಕಾರು ಹತ್ತಿದರೆ ವಾಂತಿ ಮಾಡುವ ಮೊಮ್ಮಕ್ಕಳಿರುವ ಮನೆಯವರಿಗೂ ಇದು ಮುಖ್ಯ. ನಮ್ಮ ಕಿವಿಯೊಳಗೆ ಮೈಯ ಅಲುಗಾಟ ತಿಳಿಯುವ ಅಂಗವಿದೆ. ಅದು “ನಾವು ತಿರುಗುತ್ತಿದ್ದೇವೆ, ವಾಲುತ್ತಿದ್ದೇವೆ” ಎಂದು ಮಿದುಳಿಗೆ ಹೇಳುತ್ತದೆ. ಮಗುವಿನ ಕಣ್ಣು ಮೊಬೈಲಿನಲ್ಲೋ ಕಥೆ ಪುಸ್ತಕದಲ್ಲೋ ನೆಟ್ಟಿದ್ದರೆ “ಏನೂ ಅಲುಗುತ್ತಿಲ್ಲ” ಎನ್ನುತ್ತದೆ. ಇಬ್ಬರು ಸಾಕ್ಷಿಗಳು ಬೇರೆ ಬೇರೆ ಹೇಳಿದರೆ ಜಡ್ಜಿಗೆ ತಲೆ ತಿರುಗದಿದ್ದೀತೇ? ಆದ್ದರಿಂದ ಘಾಟಿಯಲ್ಲಿ ಪುಸ್ತಕ ಮುಚ್ಚಿ ದೂರದ ರಸ್ತೆ ನೋಡಿ. ಲಿಂಬೆಹಣ್ಣು ಮೂಸುವುದು ಅಜ್ಜಿಯ ಇಷ್ಟ; ಅದರಿಂದ ನಷ್ಟವೇನಿಲ್ಲ.

ಗಾಡಿ ಎಷ್ಟೇ ಒಳ್ಳೆಯದಿರಲಿ, ಕೆಲಸ ಅರ್ಧ ಡ್ರೈವರನದ್ದು. ಈಗಿನ ಮಧ್ಯಮ ಸೆಡಾನ್‌ಗಳಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ತಿರುವಿಗೆ ಜಾಸ್ತಿ ವೇಗದಲ್ಲಿ ನುಗ್ಗಿದರೆ ಇವು ಹಠಮಾರಿ ಹೋರಿಯ ಹಾಗೆ ಮೂತಿ ನೇರ ಮಾಡಿಕೊಂಡು ಹೊರಕ್ಕೇ ಹೋಗುತ್ತವೆ. ಹೊರಗೆ ಎಂದರೆ ಎದುರು ಬರುವ ಬಸ್ಸು ಅಥವಾ ಪ್ರಪಾತ. ವೇಗ ಕಡಿಮೆ ಮಾಡಬೇಕಾದ್ದು ತಿರುವಿನ ಮುಂಚೆ, ತಿರುವಿನ ಒಳಗಲ್ಲ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬ ಹಳೆಯ ಡ್ರೈವರುಗಳ ಮಾತು ಇಂದಿಗೂ ಸತ್ಯ. ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ, ಬ್ರೇಕಿಗೆ ಬಿಡುವು ಸಿಗುತ್ತದೆ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಇಳಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮುಷ್ಟಿ ದುಡ್ಡಿಗೆ ಮನೆಮಂದಿಯನ್ನೆಲ್ಲ ಅಡವಿಟ್ಟ ಹಾಗೆ. ಕಿರಿದಾದ ಜಾಗದಲ್ಲಿ ಎದುರುಬದುರಾದರೆ ಇಳಿಯುವವರು ನಿಂತು, ಹತ್ತುವವರಿಗೆ ದಾರಿ ಬಿಡಬೇಕು. ಇದು ಸೌಜನ್ಯ ಮಾತ್ರವಲ್ಲ, ನಿಯಮವೂ ಹೌದು.

ಸೆಡಾನಿನ ಮಾಲೀಕರು ಸಾಮಾನ್ಯವಾಗಿ ಗಮನಿಸದ ಒಂದು ಸಣ್ಣ ಗುಂಡಿ ಇದೆ. ಹಿಂದೆ ಮೂರು ಜನ, ಡಿಕ್ಕಿಯಲ್ಲಿ ಎರಡು ಮೂಟೆ ಇಟ್ಟರೆ ಬಾಲ ಕುಗ್ಗಿ ಮೂತಿ ಮೇಲೇಳುತ್ತದೆ. ಆಗ ಹೆಡ್‌ಲೈಟ್ ರಸ್ತೆಯನ್ನು ಬಿಟ್ಟು ಮರದ ತುದಿ ನೋಡುತ್ತದೆ, ಎದುರಿನವರ ಕಣ್ಣು ಕುಕ್ಕುತ್ತದೆ. ಬಹಳ ಕಾರುಗಳಲ್ಲಿ ಸ್ಟೀರಿಂಗಿನ ಬಲಗಡೆ 0, 1, 2, 3 ಎಂದು ಬರೆದ ಪುಟ್ಟ ಚಕ್ರವಿರುತ್ತದೆ. ಭಾರ ಹೆಚ್ಚಿದ್ದಾಗ ಅದನ್ನು ತಿರುಗಿಸಿದರೆ ದೀಪ ತಗ್ಗುತ್ತದೆ. ಮಕ್ಕಳೇ, ಇವತ್ತು ಅಪ್ಪನ ಕಾರಿನಲ್ಲಿ ಅದು ಎಲ್ಲಿದೆ ಹುಡುಕಿ. ಅಪ್ಪನಿಗೂ ಗೊತ್ತಿಲ್ಲದಿರಬಹುದು.

ಕೆಸರಿನ ದರೆ, ಲಾಂಚಿನ ಹಲಗೆ

ಡಾಂಬರು ರಸ್ತೆಯಲ್ಲಿ ಗೆದ್ದ ಸೆಡಾನ್ ನಮ್ಮ ತೋಟದ ದಾರಿಯಲ್ಲಿ ಸೋಲುತ್ತದೆ, ಅದನ್ನು ಮುಚ್ಚಿಡಬಾರದು. ಹೊಸನಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರ ಮನೆ ಮುಖ್ಯರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ಮಣ್ಣಿನ ದಾರಿ, ಕೊನೆಗೊಂದು ಚಡಾವು. ಬೇಸಿಗೆಯಲ್ಲಿ ಏನೂ ತೊಂದರೆಯಿಲ್ಲ. ಆರಿದ್ರೆ ಮಳೆ ಹಿಡಿಯಿತೆಂದರೆ ಕಾರು ಅರ್ಧ ಚಡಾವಿಗೆ ಹೋಗಿ ಚಕ್ರ ಗಿರಗಿರ ತಿರುಗಿಸುತ್ತಾ ನಿಲ್ಲುತ್ತದೆ. ಅವರ ತಂದೆ ಜಗಲಿಯಿಂದಲೇ, “ನಮ್ಮ ಅಂಬಾಸಡರ್ ಇದೇ ದರೆ ಹತ್ತಿತ್ತಲ್ಲ!” ಎನ್ನುತ್ತಿದ್ದರಂತೆ. ಈ ವಿಷಯದಲ್ಲಿ ಅಜ್ಜನ ಮಾತು ನೂರಕ್ಕೆ ನೂರು ಸರಿ.

ಶಾಲೆಯ ಭಾರದ ಚೀಲ ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಹತ್ತುವಾಗ ಭಾರ ಹಿಂದಕ್ಕೆ ಎಳೆಯುತ್ತದೆ. ಕಾರಿಗೂ ಹಾಗೆಯೇ: ಏರಿನಲ್ಲಿ ಭಾರ ಹಿಂದಿನ ಚಕ್ರದ ಮೇಲೆ ಕೂರುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ಅಂಬಾಸಡರಿನಲ್ಲಿ ನೂಕುವ ಚಕ್ರ ಹಿಂದಿನದು, ಭಾರವೂ ಅಲ್ಲೇ; ನೆಲಕ್ಕೆ ಕಚ್ಚಿ ಹಿಡಿಯುತ್ತಿತ್ತು. ಈಗಿನ ಸೆಡಾನಿನಲ್ಲಿ ಎಳೆಯುವ ಚಕ್ರ ಮುಂದಿನದು, ಏರಿನಲ್ಲಿ ಹಗುರಾದದ್ದೂ ಅದೇ.

ಬೆಳೆಗಾರರು ಕಾರು ಮಾರುವ ಯೋಚನೆಯಲ್ಲಿದ್ದಾಗ ಊರಿನ ಮೆಕ್ಯಾನಿಕ್ ಒಬ್ಬ ಉಪಾಯ ಹೇಳಿಕೊಟ್ಟ: ಕೆಳಗೆ ಅಗಲದ ಜಾಗದಲ್ಲಿ ಕಾರು ತಿರುಗಿಸಿ, ರಿವರ್ಸ್ ಗೇರಿನಲ್ಲಿ ಹಿಮ್ಮುಖವಾಗಿ ಚಡಾವು ಹತ್ತುವುದು! ಆಗ ಮೂತಿ ಇಳಿಜಾರಿನ ಕಡೆ ಇರುತ್ತದೆ, ಎಂಜಿನ್ನಿನ ಭಾರದ ಜೊತೆ ಉಳಿದ ಭಾರವೂ ಎಳೆಯುವ ಚಕ್ರದ ಮೇಲೇ ಬೀಳುತ್ತದೆ. ಮೂರು ಮಳೆಗಾಲದಿಂದ ಅವರು ಹಾಗೇ ಮನೆ ಸೇರುತ್ತಿದ್ದಾರೆ. ನೋಡುವವರಿಗೆ ನಗು; ಅವರಿಗೆ ಕಾರು ಅಂಗಳ ಮುಟ್ಟಿತು, ಅಷ್ಟು ಸಾಕು. ಆದರೆ ಇದನ್ನು ಸ್ವಂತ ದಾರಿಯಲ್ಲಿ, ಹಿಂದೆ ಮುಂದೆ ಮಕ್ಕಳು ಇಲ್ಲದಾಗ, ಒಬ್ಬ ದೊಡ್ಡವರು ಬದಿಯಲ್ಲಿ ನಿಂತು ನೋಡುತ್ತಿರುವಾಗ ಮಾತ್ರ ಮಾಡಬೇಕು.

ಕಾರಿನ ಹೊಟ್ಟೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಎಲ್ಲರೂ ಕೇಳುತ್ತಾರೆ. 165 ಮಿಲಿಮೀಟರೋ 179 ಮಿಲಿಮೀಟರೋ ಎಂದು ಷೋರೂಮಿನವರೂ ಹೇಳುತ್ತಾರೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಎಷ್ಟು ದೂರ ಎಂದು ಯಾರೂ ಕೇಳುವುದಿಲ್ಲ. ಮಾರುತಿ 800ರಲ್ಲಿ ಆ ದೂರ 2,175 ಮಿಲಿಮೀಟರ್, ಅಂಬಾಸಡರಿನಲ್ಲಿ 2,464. ಈಗಿನ ಮಧ್ಯಮ ಸೆಡಾನ್‌ಗಳಲ್ಲಿ 2,600ರ ಆಚೀಚೆ. ಉದ್ದ ಹೊಟ್ಟೆಯ ಹಾವು ಹೊಸ್ತಿಲು ದಾಟುವಾಗ ಹೊಟ್ಟೆ ತಾಗುತ್ತದೆ, ಗಿಡ್ಡ ಕಪ್ಪೆಗೆ ತಾಗುವುದಿಲ್ಲ. ಹೊಟ್ಟೆ ಒಂದೇ ಎತ್ತರದಲ್ಲಿದ್ದರೂ ಉದ್ದದ ಕಾರೇ ರಸ್ತೆಯ ಹಂಪಿಗೆ ಮೊದಲು ಉಜ್ಜುವುದು ಇದರಿಂದಲೇ. ಐದು ಜನ ಕೂತ ಮೇಲೆ ಇನ್ನೂ ತಗ್ಗುತ್ತದೆ. ದೊಡ್ಡ ಹಂಪನ್ನು ಸ್ವಲ್ಪ ಓರೆಯಾಗಿ ದಾಟಿದರೆ ಸದ್ದು ಕಡಿಮೆಯಾಗುತ್ತದೆ. ಅಲ್ಲಿ ಇಳಿದು ನಡೆಯುವ ಸರದಿ ಸಾಮಾನ್ಯವಾಗಿ ಮೊಮ್ಮಕ್ಕಳದ್ದು.

ಇದರ ನಿಜವಾದ ರುಚಿ ಸಾಗರದವರಿಗೆ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಶರಾವತಿಯ ಹಿನ್ನೀರಿನಾಚೆ ಉಳಿದ ತುಮರಿ, ಸಿಗಂದೂರು ಕಡೆಗೆ ಹೋಗಲು ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಬೇಕಿತ್ತು. ನೀರಿನ ಮಟ್ಟ ಇಳಿದಾಗ ದಡದಿಂದ ಲಾಂಚಿಗೆ ಇಳಿಯುವ ಜಾಗ ಕಡಿದಾಗುತ್ತಿತ್ತು. ಜೀಪುಗಳು ಸಲೀಸಾಗಿ ಹತ್ತುತ್ತಿದ್ದವು. ಸೆಡಾನ್ ಬಂದರೆ ಲಾಂಚಿನ ಹುಡುಗರು ಬಗ್ಗಿ ಬಂಪರಿನ ಕೆಳಗೆ ನೋಡುತ್ತಾ “ಬನ್ನಿ ಬನ್ನಿ… ನಿಲ್ಸಿ ನಿಲ್ಸಿ!” ಎನ್ನುವಷ್ಟರಲ್ಲಿ ಕರ್ರ್ ಎಂಬ ಸದ್ದು. ಆ ಲಾಂಚ್ ಹತ್ತಿಳಿದ ಸೆಡಾನ್‌ಗಳ ಗಲ್ಲದ ಮೇಲೆ ಗೀರು ಇದ್ದೇ ಇರುತ್ತಿತ್ತು. 2025ರ ಜುಲೈ 14ರಂದು ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಲಾಂಚಿನ ಮೋಜು ಹೋಯಿತೆಂದು ಮಕ್ಕಳಿಗೆ ಬೇಸರ, ರಾತ್ರಿ ಹೆರಿಗೆ ನೋವು ಬಂದರೆ ಸಾಗರ ತಲುಪಬಹುದೆಂದು ಆಚೆ ದಡದವರಿಗೆ ನೆಮ್ಮದಿ.

ಡಿಕ್ಕಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಅಡಿಕೆ ಸೀಮೆಗೆ ಅನ್ಯಾಯ. ನಮ್ಮ ಕರ್ನಾಟಕದ ಬಿಡದಿಯಲ್ಲೇ ತಯಾರಾಗಿ 2010ರ ಕೊನೆಗೆ ಬಂದ ಟೊಯೊಟಾ ಇಟಿಯೋಸ್ ಸೆಡಾನಿಗೆ 595 ಲೀಟರಿನ ಡಿಕ್ಕಿ ಇತ್ತು. 2020ಕ್ಕೆ ಅದರ ತಯಾರಿಕೆ ನಿಂತರೂ ಸಾಗರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅದಕ್ಕೆ ಮರ್ಯಾದೆ ಇಳಿದಿಲ್ಲ. ಮಗಳ ಬಾಣಂತನ ಮುಗಿಸಿ ಗಂಡನ ಮನೆಗೆ ಕಳಿಸುವಾಗ ತೊಟ್ಟಿಲು, ಹಪ್ಪಳ ಸಂಡಿಗೆಯ ಡಬ್ಬ, ಉಪ್ಪಿನಕಾಯಿ ಜಾಡಿ ಇವೆಲ್ಲ ಒಳಗೆ ಹೋಗಿ ಬಾಗಿಲು ಮುಚ್ಚಬೇಕಲ್ಲ.

ಮಳೆಗಾಲ ಎಂಬ ಇನ್‌ಸ್ಪೆಕ್ಟರ್

ತಯಾರಿಕೆ ಗಟ್ಟಿಯೋ ಪೊಳ್ಳೋ ಎಂದು ತಿಳಿಯಲು ಹೊಸ ಕಾರನ್ನು ನೋಡಬಾರದು, ಐದು ಮಳೆಗಾಲ ಕಂಡದ್ದನ್ನು ನೋಡಬೇಕು. ನನ್ನ ಕಾರು ಹನ್ನೆರಡಕ್ಕಿಂತ ಹೆಚ್ಚು ಮಳೆಗಾಲ ಕಂಡಿದೆ. ಎಂಜಿನ್ ತಕರಾರು ಮಾಡಿಲ್ಲ. ಆದರೆ ಮೂರನೇ ವರ್ಷಕ್ಕೇ ಬಾಗಿಲ ಒಳಗಿನ ಪ್ಲಾಸ್ಟಿಕ್ ಕಿರಿಕಿರಿ ಶುರು ಮಾಡಿತು, ಆರನೇ ವರ್ಷಕ್ಕೆ ಮೇಲ್ಛಾವಣಿಯ ಬಟ್ಟೆ ಜೋತು ಬಿತ್ತು. ಷೋರೂಮಿನವರು “ನಿಮ್ಮ ಕಡೆ ತೇವ ಜಾಸ್ತಿ ಸಾರ್” ಎಂದರು. ಮಲೆನಾಡಿನಲ್ಲಿ ತೇವ ಜಾಸ್ತಿ ಎಂಬುದು ಕಾರು ಮಾರುವಾಗ ಅವರಿಗೆ ಗೊತ್ತಿರಲಿಲ್ಲವೇ?

ಸ್ನೇಹಿತರೊಬ್ಬರ ಕಾರಿನದ್ದು ಇನ್ನೂ ಸೋಜಿಗ. ಎಡಗಡೆ ಕಾಲಿಡುವ ಜಾಗದಲ್ಲಿ ಪ್ರತಿ ಬೆಳಿಗ್ಗೆ ನೀರು. ದೊಡ್ಡ ಊರಿನ ಸರ್ವಿಸ್ ಸ್ಟೇಷನ್ನಿನಲ್ಲಿ ಗಾಜಿನ ರಬ್ಬರ್ ಬದಲಾಯಿಸಬೇಕು ಎಂದು ದೊಡ್ಡ ಅಂದಾಜು ಪಟ್ಟಿ ಕೊಟ್ಟರು. ಹಳ್ಳಿಯ ಗ್ಯಾರೇಜಿನ ಹುಡುಗ ಬಾನೆಟ್ ಎತ್ತಿ, ವೈಪರಿನ ಬುಡದಲ್ಲಿರುವ ಜಾಲರಿ ಬಿಚ್ಚಿ, ಕೊಳೆತ ಎಲೆ ಎರಡು ಮುಷ್ಟಿ ಎತ್ತಿ ಹಾಕಿದ. ಮುಂದಿನ ಗಾಜಿನಿಂದ ಇಳಿದ ನೀರು ಹೊರಹೋಗುವ ತೂತು ಕಟ್ಟಿಕೊಂಡು, ನೀರು ಒಳಗೆ ದಾರಿ ಹುಡುಕಿತ್ತು. ಬಾಗಿಲುಗಳ ತಳದಲ್ಲೂ ಇಂಥ ಸಣ್ಣ ತೂತುಗಳಿವೆ. ಮಣ್ಣು ಕಟ್ಟಿದರೆ ನೀರು ಬಾಗಿಲೊಳಗೇ ನಿಂತು ತುಕ್ಕು ಹಿಡಿಯುತ್ತದೆ. ಮುಂಗಾರಿಗೆ ಮೊದಲು ಮಾಡಿನ ಹಂಚು ಕೈಯಾಡಿಸುವಾಗ ಕಾರಿನ ಈ ತೂತುಗಳನ್ನೂ ಕಡ್ಡಿಯಿಂದ ಬಿಡಿಸಿ. ಇಲಿ ವೈರು ಕಡಿಯುವುದಕ್ಕೆ ಹೊಗೆಸೊಪ್ಪು ಕಟ್ಟುವವರಿದ್ದಾರೆ. ನಮ್ಮಲ್ಲಿ ಇಲಿಗಳು ಅದಕ್ಕೂ ಒಗ್ಗಿಕೊಂಡಿವೆ. ಕಾರನ್ನು ವಾರಗಟ್ಟಲೆ ನಿಲ್ಲಿಸದೆ ಆಗಾಗ ಓಡಿಸುವುದು, ಹತ್ತಿರ ಅಡಿಕೆ, ಭತ್ತದ ಚೀಲ ಇಡದಿರುವುದು ಅದಕ್ಕಿಂತ ವಾಸಿ.

ತೆಂಗಿನಕಾಯಿಯ ಪಾಠ

ಈಗ ತಗಡಿನ ಮಾತಿಗೆ ಬರೋಣ. ಬಾನೆಟ್ ತಟ್ಟಿ ನೋಡುವುದರಿಂದ ಏನೂ ತಿಳಿಯುವುದಿಲ್ಲ ಎಂದು ನಾನು ಹೇಳಿದರೆ ಜಗಲಿಯ ಹಿರಿಯರು ಒಪ್ಪುವುದಿಲ್ಲ. ಅವರನ್ನು ತೆಂಗಿನ ಮರದ ಬುಡಕ್ಕೆ ಕರೆದುಕೊಂಡು ಹೋಗಬೇಕು. ಅಷ್ಟು ಎತ್ತರದಿಂದ ಬಿದ್ದ ಕಾಯಿ ಸಾಮಾನ್ಯವಾಗಿ ಒಡೆಯುವುದಿಲ್ಲ. ಸಿಪ್ಪೆ ಸುಲಿದ ಕಾಯನ್ನು ಸೊಂಟದ ಎತ್ತರದಿಂದ ಕಲ್ಲಿನ ಮೇಲೆ ಬಿಡಿ, ಹೋಳು. ಕಾಯನ್ನು ಕಾಪಾಡಿದ್ದು ಮೆತ್ತಗಿನ ಸಿಪ್ಪೆ. ತಾನು ಅಮುಕಿಕೊಂಡು ಪೆಟ್ಟನ್ನು ನುಂಗಿತು, ಒಳಗಿನ ಕರಟ ಉಳಿಯಿತು.

ಈಗಿನ ಕಾರಿನ ಮುಂಭಾಗ, ಹಿಂಭಾಗ ಎರಡೂ ಸಿಪ್ಪೆ. ಡಿಕ್ಕಿ ಹೊಡೆದಾಗ ಅವು ಮಡಚಿಕೊಳ್ಳಬೇಕೆಂದೇ ಮಾಡಿರುತ್ತಾರೆ. ಜನ ಕೂರುವ ನಡುವಿನ ಡಬ್ಬಿ ಕರಟ. ಅದು ಗಟ್ಟಿ ಉಕ್ಕಿನ ಕಂಬಗಳ ಪಂಜರ, ಹೊರಗಿನಿಂದ ತಟ್ಟಿದರೆ ಬೆರಳಿಗೆ ಸಿಗುವುದಿಲ್ಲ. ಹಳೆಯ ಗಟ್ಟಿ ಗಾಡಿಗಳು ಹೆಚ್ಚು ಜಜ್ಜಿ ಹೋಗುತ್ತಿರಲಿಲ್ಲ, ನಿಜ. ಗಾಡಿ ನುಂಗದ ಪೆಟ್ಟು ಒಳಗಿನವರ ಎದೆಗೆ, ತಲೆಗೆ ಹೋಗುತ್ತಿತ್ತು. ಬಾಗಿಲು ಹಾಕಿದಾಗ ಕೇಳುವ ಗಡಸು ‘ಧಪ್’ ಕೂಡ ಹೆಚ್ಚಾಗಿ ರಬ್ಬರಿನ ಅಂಚಿನ ಮತ್ತು ಬೀಗದ ಕರಾಮತ್ತು. ಆ ಸದ್ದು ಚೆನ್ನಾಗಿ ಬರಲಿ ಎಂದೇ ಎಂಜಿನಿಯರುಗಳು ಕೂತು ಕೆಲಸ ಮಾಡುತ್ತಾರೆ.

ನಿಜವಾದ ತಟ್ಟುವ ಪರೀಕ್ಷೆ ಬೇರೆ ಇದೆ. ಕಾರಿನೊಳಗೆ ಬೊಂಬೆಗಳನ್ನು ಕೂರಿಸಿ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೋಡೆಗೆ ಗುದ್ದಿಸಿ, ಬೊಂಬೆಗೆಷ್ಟು ಪೆಟ್ಟಾಯಿತೆಂದು ಅಳೆದು ನಕ್ಷತ್ರ ಕೊಡುತ್ತಾರೆ. ದೊಡ್ಡವರಿಗೆಷ್ಟು ರಕ್ಷಣೆ, ಮಕ್ಕಳಿಗೆಷ್ಟು ರಕ್ಷಣೆ ಎಂದು ಬೇರೆ ಬೇರೆ ಅಂಕ. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮಧ್ಯಮ ಸೆಡಾನ್‌ಗಳಾದ ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾ, ಹ್ಯುಂಡೈ ವೆರ್ನಾ ಮೂರಕ್ಕೂ ಐದು ನಕ್ಷತ್ರ ಬಂತು. ಅದೇ ವರ್ಷದ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಶುರುವಾಗಿದೆ. ಕಾರು ಕೊಳ್ಳುವ ಮುಂಚೆ ಆ ಅಂಕಪಟ್ಟಿ ಕೇಳಿ. ಮಗನ ಹತ್ತನೇ ಕ್ಲಾಸಿನ ಅಂಕಪಟ್ಟಿಯನ್ನು ಅಷ್ಟು ಕಣ್ಣಿಟ್ಟು ನೋಡುವವರು ಇದನ್ನೂ ನೋಡಬಹುದು.

ಷೋರೂಮಿನವರು ಓಡಿಸಿ ನೋಡಲು ಕೊಡುವುದು ನುಣುಪಾದ ರಸ್ತೆಯಲ್ಲಿ, ಖಾಲಿ ಕಾರಿನಲ್ಲಿ. ಮಲೆನಾಡಿನವರು ಅದಕ್ಕೆ ಒಪ್ಪಬಾರದು. ಮನೆಯ ದಾರಿಗೇ ಕರೆಸಿ, ಹಿಂದೆ ಅಜ್ಜ, ಅಜ್ಜಿ, ಮೊಮ್ಮಗುವನ್ನು ಕೂರಿಸಿ, ಸಾಧ್ಯವಾದರೆ ಮಳೆಯಲ್ಲಿ ಓಡಿಸಿ ನೋಡಿ. ಅಜ್ಜಿಯನ್ನು ಮಾತ್ರ ಮರೆಯಬೇಡಿ, ಏಕೆಂದರೆ ಸೆಡಾನಿನ ದೊಡ್ಡ ಕೊರತೆ ಗೊತ್ತಾಗುವುದು ಅವರ ಮಂಡಿಗೆ. ಸೀಟು ತಗ್ಗು. ಕೂರುವುದು ಸುಲಭ, ಏಳುವುದು ಕಷ್ಟ. ಮೊದಲು ಸೀಟಿಗೆ ಬೆನ್ನು ಮಾಡಿ ಕೂತು, ಆಮೇಲೆ ಎರಡೂ ಕಾಲನ್ನು ಜೊತೆಯಾಗಿ ಒಳಗೆ ತಿರುಗಿಸಬೇಕು. ಇಳಿಯುವಾಗ ಇದರ ಹಿಮ್ಮುಖ. ನನ್ನ ಮನೆಯಾಕೆ ಇದನ್ನು ಎರಡೇ ದಿನದಲ್ಲಿ ಕಲಿತರು. ಮೇಷ್ಟ್ರ ಪತ್ನಿಗೆ ಮಂಡಿನೋವು ಜಾಸ್ತಿ, ಆದರೂ ಅವರು ಸೆಡಾನನ್ನೇ ಇಟ್ಟುಕೊಂಡಿದ್ದಾರೆ. ಬಾಗಿಲ ಬಳಿ ಒಂದು ನಿಮಿಷ ಕಷ್ಟಪಟ್ಟರೆ ಘಾಟಿಯುದ್ದಕ್ಕೂ ಸುಖ ಎಂಬುದು ಅವರ ಲೆಕ್ಕ.

ಕರಟ ಗಟ್ಟಿಯಿದ್ದರೂ ಒಳಗಿನ ತಿರುಳು ಅದಕ್ಕೆ ಅಂಟಿಕೊಂಡಿರಬೇಕಲ್ಲ? ಆ ಅಂಟು ಸೀಟ್ ಬೆಲ್ಟ್. ಮುಂದೆ ಕೂತವರು ಪೊಲೀಸರ ಭಯಕ್ಕಾದರೂ ಹಾಕಿಕೊಳ್ಳುತ್ತಾರೆ. ಹಿಂದಿನ ಸೀಟಿನಲ್ಲಿ ಮೊಮ್ಮಗುವನ್ನು ತೊಡೆಯ ಮೇಲೆ ಅಪ್ಪಿಕೊಂಡು ಕೂರುವ ಅಜ್ಜಿಗೆ ತನ್ನ ತೋಳೇ ಬೆಲ್ಟ್ ಎಂದು ನಂಬಿಕೆ. ಗಂಟೆಗೆ ಐವತ್ತು ಕಿಲೋಮೀಟರಿನಲ್ಲಿ ಹೋಗುವ ಕಾರು ಗಕ್ಕನೆ ನಿಂತರೆ ಹತ್ತು ಕಿಲೋ ಮಗುವನ್ನು ಪೈಲ್ವಾನನ ತೋಳೂ ಹಿಡಿಯಲಾರದು. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಕೂರಿಸದಿದ್ದರೆ 1,000 ರೂಪಾಯಿ ದಂಡ ಎಂದು 2019ರ ತಿದ್ದುಪಡಿಯೇ ಹೇಳುತ್ತದೆ.

ಕಷ್ಟವೇನೆಂದರೆ, ಹಾಕಿಕೊಳ್ಳುತ್ತೇನೆಂದರೂ ಬೆಲ್ಟಿನ ಕೊಂಡಿ ಬಹಳ ಕಾರುಗಳಲ್ಲಿ ಕಣ್ಣಿಗೇ ಬೀಳುವುದಿಲ್ಲ. ಹೊಸ ಕಾರು ಬಂದ ವಾರದಲ್ಲೇ ಹೂವಿನ ಚಿತ್ತಾರದ ಸೀಟ್ ಕವರ್ ಹಾಕಿಸುತ್ತಾರೆ, ಹಿಂದಿನ ಸೀಟಿನ ಕೊಂಡಿಗಳೆಲ್ಲ ಅದರಡಿ ಸಮಾಧಿ. ಹೋದ ತಿಂಗಳು ಮೇಷ್ಟ್ರ ಕಾರಿನಲ್ಲಿ ಮೊಮ್ಮಗಳೇ ಕೈ ತೂರಿಸಿ ತಡಕಾಡಿ ಮೂರೂ ಕೊಂಡಿಗಳನ್ನು ಪತ್ತೆ ಮಾಡಿದಳು. ಜೊತೆಗೆ ಎರಡು ರೂಪಾಯಿಯ ನಾಣ್ಯ ಒಂದು, ಅಡಿಕೆ ಹೋಳು ನಾಲ್ಕು ಸಿಕ್ಕಿದವು. ತೀರ್ಥಹಳ್ಳಿಯ ಸೀಟ್ ಕವರಿನ ಅಂಗಡಿಯವನು ಕವರಿಗೆ ಮೂರು ಸೀಳು ಬಿಟ್ಟು ಅಂಚು ಹೊಲಿದು ಕೊಟ್ಟ. ಮುಂದಿನ ಗುರುವಾರ ಅವರು ಮಣಿಪಾಲಕ್ಕೆ ಹೊರಟಾಗ ಹಿಂದಿನ ಸೀಟಿನಿಂದ ಮೂರು ಸಲ ‘ಟಕ್’ ಎಂಬ ಸದ್ದು ಕೇಳಿದ ಮೇಲೇ ಮೇಷ್ಟ್ರು ಗಾಡಿ ಎತ್ತಿದ್ದು.